ಒಂದು ಗೇಣು, ಎರಡು ಬೆರಳು

ನಮ್ಮ ಊರಿನಲ್ಲಿ ಊಟವಾದ ಮೇಲೆ, ಎಲೆ ಅಡಿಕೆಗೆ ಮುಂಚೆ, ಅಂಗಾಲು ನೋಡುವುದು ಪದ್ಧತಿ. ಉಂಡವರು ಕೈ ತೊಳೆದು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲಬೇಕು. ಮನೆಯ ಇನ್ನೊಬ್ಬರು ಬಗ್ಗಿ ಅವರ ಕಾಲಿಗೂ ನೆಲಕ್ಕೂ ನಡುವೆ ಬೆರಳು ತೂರಿಸಬೇಕು. ಒಂದು ಬೆರಳು ಹೋದರೆ ಮಾತೇ ಇಲ್ಲ. ಎರಡು ಹೋದರೆ ಹೂಂ ಅಂದುಕೊಂಡು ಸುಮ್ಮನಾಗಬಹುದು. ನಾಲ್ಕು ಹೋದರೆ ಮಾರನೆಯ ದಿನ ಪಾಯಸದ ಮಾತು ಎತ್ತುವಂತಿಲ್ಲ. ಪೂರಾ ಗೇಣು ಹಿಡಿಸಿತು ಅಂದರೆ ಡಾಕ್ಟರಮ್ಮನ ಬಾಗಿಲು ತಟ್ಟಬೇಕು. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಮನುಷ್ಯ ನೆಲ ಬಿಟ್ಟು ಏಳುವುದು ನಮ್ಮ ಕಡೆ ತಲೆತಲಾಂತರದಿಂದ ಇರುವುದೇ. ಬೇರೆ ಊರುಗಳಲ್ಲಿ ಬೆರಳಿಗೆ ಸೂಜಿ ಚುಚ್ಚಿ ನೋಡುತ್ತಾರಂತೆ, ಪಾಪ.

ಇದರಲ್ಲಿ ಒಂದು ಕಿತಾಪತಿ ಉಂಟು. ಏರಿದವರಿಗೆ ತಾವು ಏರಿದ್ದು ಗೊತ್ತಾಗುವುದಿಲ್ಲ. ನಿಂತ ಜಾಗ ಗಟ್ಟಿಯಾಗಿಯೇ ಇರುತ್ತದೆ, ಬಗ್ಗಿ ನೋಡಿಕೊಂಡರೂ ಕಾಲು ನೆಲದ ಮೇಲೇ ಇದ್ದಂತೆ ಕಾಣುತ್ತದೆ. ನಮ್ಮ ಬೆರಳು ನಮ್ಮ ಅಂಗಾಲಿನ ಕೆಳಗೆ ಹೋಗುವುದಿಲ್ಲ. ಅದಕ್ಕೆ ಇನ್ನೊಬ್ಬರೇ ಬೇಕು. ಹಾಗಾಗಿ ನಮ್ಮೂರಲ್ಲಿ ಒಂಟಿಯಾಗಿರುವವರು ಅಕ್ಕಪಕ್ಕದವರ ಜೊತೆ ಜಗಳ ಕಾಯುವುದಿಲ್ಲ, ಯಾರ ಬೆರಳು ಯಾವಾಗ ಬೇಕಾಗುತ್ತದೋ ಎಂದು.

ಮದುವೆಮನೆಯಲ್ಲಿ ಪಾಯಸ ಬಡಿಸುವವನ ಹಿಂದೆಯೇ ಗುಂಡುಕಲ್ಲಿನ ಬುಟ್ಟಿ ಹೊತ್ತವನು ಬರುತ್ತಾನೆ. ಒಬ್ಬೊಬ್ಬರ ತೊಡೆಯ ಮೇಲೆ ಒಂದೊಂದು ಕಲ್ಲು. ಬೀಗರಿಗೆ ಸಣ್ಣ ಕಲ್ಲು ಕೊಟ್ಟರೆ ಅವಮಾನವಾಯಿತು ಎಂದು ಎದ್ದು ಹೋದವರಿದ್ದಾರೆ. ಛತ್ರದ ಫ್ಯಾನುಗಳಿಗೆಲ್ಲ ಪಂಜರ ಹೊದಿಸಿದ್ದಾರೆ. ಗಂಡು ನೋಡಲು ಹೋದರೆ ಹುಡುಗನಿಗೆ ಒಂದು ತಟ್ಟೆ ಕೇಸರಿಬಾತು ತಿನ್ನಿಸಿ, ಒಂದು ಗಂಟೆ ಅದೂ ಇದೂ ಮಾತಾಡಿಸಿ, ಆಮೇಲೆ ಹುಡುಗಿಯ ಸೋದರಮಾವ "ಏನೋ ಬಿತ್ತಲ್ಲ" ಎಂದು ಬಗ್ಗಿ ಬೆರಳು ತೂರಿಸಿ ಬರುತ್ತಾನೆ. ಹೆಂಗಸರನ್ನು ಅಳೆಯುವುದು ಮಾತ್ರ ಎರಡೇ ಸಂದರ್ಭದಲ್ಲಿ. ಮದುವೆಗೆ ಮುಂಚೆ ಒಂದು, ಬಸುರಿಯಾದಾಗ ಒಂದು. ಆಮೇಲೆ ನೆರಿಗೆಯನ್ನು ನೆಲಕ್ಕೆ ಇಳಿಬಿಟ್ಟು ಸೀರೆ ಉಟ್ಟರೆ ಮುಗಿಯಿತು, ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಬಗ್ಗುವ ಕೆಲಸ ಮಾತ್ರ ನಮಗೇ.

ನನ್ನ ಹೆಸರು ಚೆನ್ನಾಜಮ್ಮ. ನಮ್ಮ ಯಜಮಾನರು ದೊಡ್ಡೀರಯ್ಯ, ಊರಿನ ಬಸ್ಸು ಓಡಿಸುವವರು. ಇರುವ ನಾಲ್ಕು ಬಸ್ಸುಗಳಲ್ಲಿ ಅತಿ ಹಳೆಯದು ಇವರದು. ಅದಕ್ಕೆ ಗೌರಿ ಎಂದು ಹೆಸರಿಟ್ಟುಕೊಂಡು ಇಪ್ಪತ್ತಾರು ವರ್ಷದಿಂದ ಓಡಿಸುತ್ತಿದ್ದಾರೆ. ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ಅದನ್ನು ಕರೆದದ್ದು ಜಾಸ್ತಿ. ಹೋಗಲಿ, ಅದು ಬೇರೆ ಮಾತು. ಬೆಳಗಿನ ಮೊದಲ ಟ್ರಿಪ್ಪು ಐದೂವರೆಗೆ. ಇವರಿಗೆ ಅಲಾರಂ ಆಗದು. ನಾನು ಎದ್ದು ಒಲೆಯ ಕಡೆ ನಡೆಯುವಾಗ ಚಪ್ಪಡಿಕಲ್ಲಿನ ಮೇಲೆ ನನ್ನ ಕಾಲುಂಗುರ ಟಕ್ ಟಕ್ ಅನ್ನುತ್ತದಲ್ಲ, ಆ ಸಪ್ಪಳಕ್ಕೇ ಎಚ್ಚರವಾಗುತ್ತಿತ್ತು. "ಕೇಳಿಸ್ತು" ಎಂದು ಮಲಗಿದ್ದಲ್ಲಿಂದಲೇ ಒಂದು ಮಾತು ಎಸೆದು ಏಳುತ್ತಿದ್ದರು. ಗಂಡ ಹೆಂಡಿರ ನಡುವೆ ದಿನದ ಮೊದಲ ಮಾತು ಅದು, ಕೆಲವು ದಿನ ಕೊನೆಯದೂ ಅದೇ.

ಇವರ ಅಂಗಾಲು ಎರಡು ವರ್ಷದಿಂದಲೇ ಮೇಲೇರುತ್ತಿತ್ತು. ನಾನು ಬೆರಳು ತೂರಿಸಿ "ನಾಲ್ಕು" ಅಂದರೆ "ನಿನ್ನ ಬೆರಳು ಸಣ್ಣ" ಅನ್ನುತ್ತಿದ್ದರು. ಹೀಗಿರುವಾಗ ಮಾಘಮಾಸದಲ್ಲಿ ಒಂದು ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಎರಡು ಗಂಟೆಯ ಟ್ರಿಪ್ಪು ಹೊರಟಿದ್ದಾರೆ. ಕೂತರೂ ಅಷ್ಟೇ, ಕಾಲು ಏರಬೇಕಾದಷ್ಟು ಏರಿಯೇ ಇರುತ್ತದೆ. ಕುಂಬಾರಗುಂಡಿಯ ಇಳಿಜಾರಿನಲ್ಲಿ ಬ್ರೇಕು ತುಳಿಯಲು ಹೋದರೆ ಬ್ರೇಕೇ ಸಿಕ್ಕಿಲ್ಲ. ಇವರು ತುಳಿದೇ ತುಳಿದರು, ತುಳಿದದ್ದೆಲ್ಲ ಗಾಳಿ. ಗೌರಿ ಸೀದಾ ಹೋಗಿ ನಮ್ಮ ಪಕ್ಕದಮನೆ ಸಾಕಮ್ಮನ ಹುಲ್ಲಿನ ಬಣವೆಗೆ ಮುಖ ಹುದುಗಿಸಿ ನಿಂತಿತು. ಒಳಗಿದ್ದ ಇಪ್ಪತ್ತೆರಡು ಜನಕ್ಕೆ ಒಂದು ಗೀರೂ ಆಗಲಿಲ್ಲ. ಹಿಂದಿನ ಸೀಟಿನ ಅಜ್ಜ ಒಬ್ಬ ನಿದ್ದೆಯಿಂದ ಎದ್ದು "ಸ್ಟಾಪ್ ಬಂತೇನಪ್ಪ" ಎಂದು ಕೇಳಿ ಇಳಿದುಹೋದನಂತೆ. ಸಾಕಮ್ಮ ಮಾತ್ರ ಮೂರು ದಿನ ಬಣವೆಯ ಮುಂದೆ ನಿಂತು, ಬಂದವರಿಗೆಲ್ಲ ಕಥೆ ಹೇಳಿದಳು. ಮೂರನೆಯ ದಿನದ ಹೊತ್ತಿಗೆ ಬಸ್ಸು ಅವಳ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು.

ಬಸ್ ಸಂಘದವರು ಬಯ್ಯಲಿಲ್ಲ, ಅದೇ ಹೆದರಿಕೆಯಾದದ್ದು. ಒಂದು ಕಾಗದ ಕೊಟ್ಟರು. ಮೂರು ತಿಂಗಳು ಗಡುವು. ಅಲ್ಲಿಯವರೆಗೆ ಖಾಲಿ ಹೊಟ್ಟೆಯ ಬೆಳಗಿನ ಟ್ರಿಪ್ಪು ಒಂದೇ. ವೈಶಾಖದಲ್ಲಿ ಅಂಗಾಲು ಪರೀಕ್ಷೆ. ಊಟ ಮಾಡಿ ಒಂದು ಗಂಟೆಯಾದ ಮೇಲೆ ಅಳೆಯುತ್ತಾರೆ. ಗೇಣಿನೊಳಗೆ ನಿಂತರೆ ಸ್ಟೀರಿಂಗು, ಗೇಣು ದಾಟಿದರೆ ಟಿಕೆಟ್ ಕೊಡುವ ಕಿಟಕಿ, ಗೌರಿ ಇನ್ನೊಬ್ಬರ ಕೈಗೆ. ಆ ದಿನ ಇವರು ಊಟ ಬಿಟ್ಟು ಜಗಲಿಯ ಮೇಲೆ ಕೂತು ಬಲಗಾಲಿನಿಂದ ನೆಲವನ್ನು ಒತ್ತಿ ಒತ್ತಿ ನೋಡುತ್ತಿದ್ದರು, ಅಲ್ಲೆಲ್ಲೋ ಬ್ರೇಕು ಇದೆಯೇನೋ ಅನ್ನುವ ಹಾಗೆ. ಬಯ್ಯಬೇಕು ಎಂದು ಬಾಗಿಲಿಗೆ ಬಂದವಳು ಬಯ್ಯಲಾರದೆ ಒಳಗೆ ಹೋದೆ.

ಡಾಕ್ಟರ್ ಇಂದುಮತಿ ಒಳ್ಳೆಯ ಹೆಂಗಸು. ಊರಿಗೆಲ್ಲ ಅವರೊಬ್ಬರೇ. ಬಾಗಿಲಲ್ಲಿ ಮುನ್ನೂರು ಜನ ತೇಲುತ್ತ ನಿಂತಿದ್ದರೆ ಅವರಾದರೂ ಎಷ್ಟು ಮಾತಾಡಿಯಾರು? ಮಾತ್ರೆ ಬರೆದು, ಒಂದು ಹಳದಿ ಚೀಟಿ ಕೊಟ್ಟರು. ಅನ್ನ ಬೇಡ, ಬಾಳೆಹಣ್ಣು ಬೇಡ, ಮುದ್ದೆ ತಿನ್ನಿ, ನಡೆಯಿರಿ. ಸಾಕಮ್ಮನ ಮನೆಯ ಗೋಡೆಗೂ ಅದೇ ಚೀಟಿ ಅಂಟಿದೆ, ಪೋಸ್ಟ್‌ಮ್ಯಾನ್ ಮನೆಯಲ್ಲೂ ಅದೇ.

ಇವರು ಅತಿ ಮಾಡುವವರು. ಚೀಟಿಯಲ್ಲಿ ಇದ್ದದ್ದರ ಜೊತೆಗೆ ಇಲ್ಲದ್ದನ್ನೂ ಮಾಡಿದರು. ಸಾಕಮ್ಮ ಹೇಳಿದ ಹಾಗಲಕಾಯಿ ರಸ, ಕಂಡಕ್ಟರ್ ಹೇಳಿದ ಮೆಂತ್ಯದ ನೀರು, ಯಾರೋ ಪ್ರಯಾಣಿಕ ಹೇಳಿದ ನೇರಳೆ ಬೀಜದ ಪುಡಿ, ಎಲ್ಲ ಕುಡಿದು, ಮಾತ್ರೆ ನುಂಗಿ, ಊಟ ಮಾತ್ರ ಮಾಡಲಿಲ್ಲ. ನಾಲ್ಕನೆಯ ದಿನ ಬಸ್ ಶೆಡ್ಡಿನ ಗೇಟಿನ ಹತ್ತಿರ ಹೂತುಕೊಂಡರು. ಸಕ್ಕರೆ ಮಿತಿಮೀರಿ ಇಳಿದರೆ ಹಾಗೂ ಆಗುತ್ತದೆ, ನೆಲ ಹಸಿ ಜೇಡಿಯಂತಾಗಿ ಹಿಮ್ಮಡಿ ಮುಳುಗುವವರೆಗೆ ಎಳೆದುಕೊಳ್ಳುತ್ತದೆ. ಮೈಯೆಲ್ಲ ಬೆವರು, ಕೈ ನಡುಕ. ನಾಲ್ಕು ಜನ ಕಂಕುಳಿಗೆ ಕೈ ಹಾಕಿ ಎಳೆದರೂ ಅಲ್ಲಾಡಲಿಲ್ಲ. ನಾನು ಓಡಿಹೋಗಿ ಬಾಯಿಗೆ ಒಂದು ಅಚ್ಚು ಬೆಲ್ಲ ತುರುಕಿದೆ. ಸ್ವಲ್ಪ ಹೊತ್ತಿಗೆ ಕಾಲು ಸಡಿಲವಾಗಿ ಪಚಕ್ಕನೆ ಮೇಲೆ ಬಂದರು, ಚಪ್ಪಲಿ ಮಾತ್ರ ಇವತ್ತಿಗೂ ಅಲ್ಲೇ ಇದೆ. ಡಾಕ್ಟರಮ್ಮ ಇಬ್ಬರಿಗೂ ಸೇರಿಸಿ ಮಂಗಳಾರತಿ ಎತ್ತಿದರು. "ಮಾತ್ರೆ ತಗೊಂಡು ಊಟ ಬಿಡೋದು ಯಾವ ಶಾಸ್ತ್ರಾರೀ?" ಅಂದರು.

ಅದಾದ ಮೇಲೆ ಚೀಟಿಯಲ್ಲಿದ್ದಂತೆಯೇ ಹದಿನೈದು ದಿನ ಮಾಡಿದೆ. ದಿನಾ ಎರಡು ಹೊತ್ತು ಮುದ್ದೆ. ಬಿಸಿ ಮುದ್ದೆ, ನುಣ್ಣಗಿನ ಮುದ್ದೆ. ಅಳೆದರೆ ದಿನಾ ಗೇಣು, ಮೇಲೊಂದು ಬೆರಳು. ನಾನು ನನ್ನ ಬೆರಳನ್ನೇ ನಂಬದೆ ಸಾಕಮ್ಮನನ್ನು ಕರೆದು ತೂರಿಸಲು ಹೇಳಿದೆ. ಅವಳದೂ ಅಷ್ಟೇ ಬಂತು.

"ಮುದ್ದೆಗೆ ಏರ್ತಾರಾ?" ಅವಳು ಸೆರಗನ್ನು ಬಾಯಿಗಿಟ್ಟುಕೊಂಡಳು. "ಎಲ್ಲಾದ್ರೂ ಉಂಟೇನೆ? ನಾನು ಇಡ್ಲಿ ವಾಸ್ನೆ ನೋಡಿದ್ರೆ ಏರ್ತೀನಿ, ಮುದ್ದೆ ತಿಂದ್ರೆ ಒಂದು ಬೆರಳೂ ಹೋಗಲ್ಲ. ನಿನ್ನ ಗಂಡ ಕದ್ದು ಏನೋ ತಿಂತಾರೆ ಕಣೆ."

ಇವರ ಜೇಬು, ಟಿಫಿನ್ ಡಬ್ಬಿ, ಗೌರಿಯ ಸೀಟಿನ ಕೆಳಗೆ, ಎಲ್ಲ ಹುಡುಕಿದೆ. ಒಂದು ಬಿಸ್ಕತ್ತಿನ ಚೂರೂ ಸಿಗಲಿಲ್ಲ. "ದೇವರಾಣೆಗೂ ಏನೂ ತಿಂದಿಲ್ಲ ಚೆನ್ನಾಜಿ" ಎಂದು ಇವರು ಅಂದಾಗ ಆ ದನಿ ಕೇಳಿ ನನಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. ಅಂಗಿ ಹೊಲಿಸುವಾಗ ಊರಿಗೆಲ್ಲ ಒಂದೇ ಅಳತೆ ಕೊಡುವುದಿಲ್ಲವಲ್ಲ, ಹೊಟ್ಟೆಗೆ ಮಾತ್ರ ಯಾಕೆ ಒಂದೇ ಚೀಟಿ? ಸುಣ್ಣದ ಗಡಿಗೆಯಿಂದ ಬೆರಳಲ್ಲಿ ಸ್ವಲ್ಪ ಸುಣ್ಣ ತೆಗೆದುಕೊಂಡು ನಡುಮನೆಯ ಕಂಬದ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ "ಮುದ್ದೆ" ಎಂದು ಬರೆದೆ. ಊರಿನ ಚೀಟಿ ಊರಿಗಿರಲಿ, ನಮ್ಮ ಮನೆಗೆ ನಮ್ಮ ಕಂಬ ಎಂದು ನಿಶ್ಚಯಿಸಿದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಹೊತ್ತಿಗೆ ಒಂದು ಪರೀಕ್ಷೆ. ಇವತ್ತು ಅನ್ನ ಹುರುಳಿ ಸಾರು, ನಾಳೆ ಚಪಾತಿ, ನಾಡಿದ್ದು ಅವಲಕ್ಕಿ. ಒಂದೊಂದಕ್ಕೂ ಕಂಬದ ಮೇಲೆ ಒಂದೊಂದು ಗೆರೆ. ಒಂದು ತಿಂಗಳಲ್ಲಿ ಕಂಬದ ಈ ಬದಿ ಬೆಳ್ಳಗಾಯಿತು, ಇವರ ಸ್ವಭಾವವೆಲ್ಲ ಅಲ್ಲಿ ಬಯಲಾಯಿತು. ಅನ್ನಕ್ಕೆ, ಅದೂ ಹುರುಳಿ ಸಾರಿನ ಜೊತೆ ಕಲಸಿದ ಒಂದು ಹಿಡಿ ಅನ್ನಕ್ಕೆ, ಇವರು ಏರುವುದು ಎರಡೇ ಬೆರಳು. ಚೀಟಿಯಲ್ಲಿ ಬೇಡ ಅಂದಿದ್ದ ಬಾಳೆಹಣ್ಣಿಗೆ ಒಂದು ಬೆರಳೂ ಇಲ್ಲ. ಅವಲಕ್ಕಿಗೆ ಗೇಣು. ಸೊಪ್ಪು ಕಾಳು ಮೊದಲು ತಿಂದು ಆಮೇಲೆ ಏನನ್ನಾದರೂ ತಿಂದರೆ ಎರಡು ಬೆರಳು ಕಮ್ಮಿ. ಉಂಡು ಮಲಗಿದರೆ ಏರುತ್ತಾರೆ, ಹುಣಸೆಮರದ ಸುತ್ತ ನಲವತ್ತು ಸುತ್ತು ಹಾಕಿದರೆ ಇಳಿಯುತ್ತಾರೆ. ರಾತ್ರಿ ಶೆಡ್ಡು ಕಾಯುವ ಪಾಳಿ ಮಾಡಿ ನಿದ್ದೆಗೆಟ್ಟ ಬೆಳಗ್ಗೆ ಬರೀ ನೀರು ಕುಡಿದರೂ ನಾಲ್ಕು ಬೆರಳು. ಕಂಡಕ್ಟರ್ ಜೊತೆ ಜಗಳವಾಡಿದ ದಿನ ಎರಡು ಬೆರಳು ಜಾಸ್ತಿ. ನನ್ನ ಜೊತೆ ಜಗಳವಾಡಿದ ದಿನ ಏನೂ ಬದಲಾವಣೆ ಇಲ್ಲ, ಅಭ್ಯಾಸವಾಗಿರಬೇಕು.

ಪರೀಕ್ಷೆ ಅಂದಮೇಲೆ ಮಾಡಿದ್ದೆಲ್ಲ ಇವರೇ ತಿನ್ನುವಂತಿಲ್ಲ. ಒಂದು ಹಿಡಿ ತಿನ್ನಬೇಕು, ಅಳೆಯಬೇಕು. ಅವಲಕ್ಕಿ ಅರ್ಧ ಬಟ್ಟಲು ಸಾಕಾದರೂ ಒಗ್ಗರಣೆ ಹಾಕುವಾಗ ಅರ್ಧ ಬಟ್ಟಲಿಗೆ ಯಾರು ಹಾಕುತ್ತಾರೆ? ಮಾವಿನಹಣ್ಣಿನ ಒಂದು ಹೋಳು ಇವರಿಗೆ, ಉಳಿದ ಹಣ್ಣು ಏನಾಗಬೇಕು? ಅನ್ನ ದೇವರು, ಚೆಲ್ಲುವುದು ನನ್ನ ಕೈಯಲ್ಲಾಗದು. ಉಳಿದದ್ದನ್ನೆಲ್ಲ ನಾನೇ ಮುಗಿಸುತ್ತಿದ್ದೆ. ಇವರು ಬಿಟ್ಟ ಅನ್ನ, ಇವರಿಗಾಗದ ಅವಲಕ್ಕಿ, ಇವರು ಆಸೆಪಟ್ಟು ನೋಡಿ ಕೈ ಹಿಂದೆಳೆದ ಹೋಳಿಗೆಯ ಮುಕ್ಕಾಲು. ಒಲೆಯ ಮುಂದೆ ನಿಂತೇ ತಿನ್ನುತ್ತಿದ್ದೆ. ನಿಂತು ತಿಂದದ್ದನ್ನು ನಮ್ಮ ಹೆಂಗಸರು ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆ ದಿನಗಳಲ್ಲಿ ಒಂದಷ್ಟು ವಿಚಿತ್ರಗಳು ನಡೆದವು, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮಣೆಯ ಮೇಲೆ ನಿಂತು ತೆಗೆಯುತ್ತಿದ್ದ ಉಪ್ಪಿನಕಾಯಿ ಭರಣಿ ಸುಮ್ಮನೆ ಕೈ ಚಾಚಿದರೆ ಸಿಗುತ್ತಿತ್ತು. ಹಲಗೆ ಜಗ್ಗಿರಬೇಕು, ಇವರಿಗೆ ಮೊಳೆ ಹೊಡೆಯಲು ಹೇಳಬೇಕು ಅಂದುಕೊಂಡೆ. ಸೀರೆಯ ಅಂಚಿಗೆ ಕೊಳೆಯಾಗುವುದು ನಿಂತಿತು. ಹೊಸ ಸೋಪು ಚೆನ್ನಾಗಿದೆ ಎಂದು ಸಾಕಮ್ಮನಿಗೂ ಹೇಳಿದೆ. ಅವಳು ಮಾತ್ರ "ಬೆಕ್ಕಿನಂಗೆ ಬರ್ಬೇಡ ಕಣೆ, ಹಿಂದೆ ಬಂದು ನಿಂತ್ರೂ ಗೊತ್ತಾಗಲ್ಲ, ಎದೆ ಒಡ್ಕೊಂತದೆ" ಎಂದು ಎರಡು ಮೂರು ಸಲ ಬಯ್ದಳು. ಇವರೋ, ಬೆಳಗ್ಗೆ ತಾವಾಗಿ ಏಳುವುದನ್ನೇ ಬಿಟ್ಟರು. ಕಾಫಿ ಕಾಯಿಸಿ ಬಂದು ಭುಜ ಹಿಡಿದು ಅಲ್ಲಾಡಿಸಬೇಕು. "ಕಿವಿಗೆ ಏನಾಗಿದೆ ನಿಮಗೆ? ಇದಕ್ಕೂ ಕಂಬದ ಮೇಲೆ ಗೆರೆ ಎಳೀಲಾ?" ಎಂದು ರೇಗುತ್ತಿದ್ದೆ. ಇವರು ಕಣ್ಣುಜ್ಜಿಕೊಂಡು, ಕಿವಿಗೆ ಬೆರಳು ಹಾಕಿ ತಿರುವಿಕೊಳ್ಳುತ್ತಿದ್ದರು. ನನಗೆ ನೀರಡಿಕೆ ಜಾಸ್ತಿಯಾಗಿತ್ತು, ಬೇಸಿಗೆಯಲ್ಲವೇ.

ಕಂಬದ ಸುದ್ದಿ ಡಾಕ್ಟರಮ್ಮನ ಕಿವಿಗೂ ಬಿತ್ತು. ಒಂದು ಸಂಜೆ ಅವರೇ ಮನೆಗೆ ಬಂದರು. ಕನ್ನಡಕ ಏರಿಸಿ, ಕಂಬವನ್ನು ಮೇಲಿಂದ ಕೆಳಗಿನವರೆಗೆ ಓದಿದರು. "ಜಗಳಕ್ಕೂ ಗೆರೆ ಹಾಕಿದೀರಲ್ಲಮ್ಮ" ಎಂದು ನಕ್ಕರು. ಆಮೇಲೆ, "ಮಾತ್ರೆ ಮಾತ್ರ ನನ್ನನ್ನ ಕೇಳದೆ ನಿಲ್ಲಿಸ್ಬೇಡಿ. ಉಳಿದದ್ದಕ್ಕೆ ನನ್ನ ಚೀಟಿಗಿಂತ ನಿಮ್ಮ ಕಂಬ ವಾಸಿ. ಆದ್ರೆ ಇದು ಇವರ ಕಂಬ. ಪಕ್ಕದ ಮನೆಯವರು ನೋಡ್ಕೊಂಡು ಶುರು ಮಾಡಿದ್ರೆ ನಾನು ಜವಾಬ್ದಾರಳಲ್ಲ" ಅಂದರು. ಸಾಕಮ್ಮ ಆಗಲೇ ಎರಡು ಬಾಳೆಹಣ್ಣು ತಿಂದು ತನ್ನ ಮನೆಯ ತೊಲೆ ಹಿಡಿದುಕೊಂಡಿದ್ದಳು ಎನ್ನುವುದನ್ನು ನಾವು ಅವರಿಗೆ ಹೇಳಲಿಲ್ಲ. ಹೊರಡುವಾಗ ಡಾಕ್ಟರಮ್ಮ ಬಾಗಿಲಲ್ಲಿ ನಿಂತು "ನಿಮ್ಮದು ಹೇಗಿದೆಯಮ್ಮ?" ಅಂದರು. "ನನಗೇನು, ಗುಂಡುಕಲ್ಲಿನಂಗಿದೀನಿ" ಅಂದೆ.

ಪರೀಕ್ಷೆಯ ದಿನ ಬಂತು. ಹಿಂದಿನ ದಿನ ಇವರಿಗೆ ಒಂಬತ್ತು ಗಂಟೆಗೇ ನಿದ್ದೆ ಮಾಡಿಸಿದೆ. ಕಂಡಕ್ಟರನಿಗೆ ಎರಡು ದಿನ ಎದುರು ಬರಬೇಡ ಎಂದು ಹೇಳಿ ಕಳಿಸಿದೆ. ಟಿಫಿನ್ ಕ್ಯಾರಿಯರಿನಲ್ಲಿ ಇವರಿಗೆ ಆಗಿಬರುವ ಊಟ ತುಂಬಿದೆ. ಸೊಪ್ಪಿನ ಪಲ್ಯ, ಹುರುಳಿ ಸಾರು, ಒಂದು ಹಿಡಿ ಅನ್ನ, ಕೊನೆಗೊಂದು ಬಾಳೆಹಣ್ಣು. ಈ ಊಟಕ್ಕೆ ಇವರು ಏರುವುದು ಎರಡು ಬೆರಳು, ಹೆಚ್ಚೆಂದರೆ ಮೂರು. ಪರೀಕ್ಷೆ ಕಣ್ಣುಮುಚ್ಚಿ ಪಾಸು ಎಂದು ಧೈರ್ಯವಾಗಿ ಇವರನ್ನು ಗೇಟಿನವರೆಗೆ ಬಿಟ್ಟುಬಂದೆ. ಒಳಗೆ ಡ್ರೈವರುಗಳಿಗೆ ಮಾತ್ರ ಪ್ರವೇಶ. ನಾವು ಹೆಂಗಸರು ಶೆಡ್ಡಿನ ಕಾಂಪೌಂಡ್ ಗೋಡೆಯ ಈಚೆ ನಿಂತೆವು. ಸಾಕಮ್ಮನೂ ಬಂದಿದ್ದಳು, ತನ್ನ ಬಣವೆಯ ಭವಿಷ್ಯ ತಿಳಿಯಬೇಕಿತ್ತು ಅವಳಿಗೆ.

ಅಳತೆ ಸಾಹೇಬರು ನರಹರಿರಾಯರು ಅಂತ. ತೆಳ್ಳಗೆ, ಉದ್ದಕ್ಕೆ, ತಾವೇ ಒಂದು ಅಳತೆಕೋಲಿನ ಹಾಗಿದ್ದರು. ಬಂದವರೇ ನಾಲ್ವರ ಕ್ಯಾರಿಯರುಗಳನ್ನೂ ಎತ್ತಿ ಪಕ್ಕಕ್ಕಿಡಿಸಿದರು. "ಹೋದ ಸಲ ಒಬ್ಬ ಬರೀ ಸೌತೆಕಾಯಿ ತಿಂದು ಪಾಸಾದ. ಈ ಸಲ ಎಲ್ಲರಿಗೂ ಸಂಘದ ಊಟ. ಡಾಕ್ಟರ ಚೀಟಿಯ ಪ್ರಕಾರವೇ ಮಾಡಿಸಿದೀವಿ. ಎರಡೆರಡು ಮುದ್ದೆ, ಸೊಪ್ಪಿನ ಸಾರು. ಪೂರ್ತಿ ಮುಗಿಸ್ಬೇಕು" ಅಂದರು.

ಮುದ್ದೆ! ಉಳಿದ ಮೂವರು ಡ್ರೈವರುಗಳು ಹಿಗ್ಗಿ ಪಂಕ್ತಿಯಲ್ಲಿ ಕೂತರು. ಇವರು ನಿಂತೇ ಇದ್ದರು, ಮುಖ ಬಾಡಿದ ವೀಳ್ಯದೆಲೆಯಂತಾಗಿತ್ತು. ಗೌರಿ ಅಲ್ಲೇ ಹಿಂದೆ ನಿಂತಿತ್ತು. ಇವರು ಒಮ್ಮೆ ತಿರುಗಿ ಅದನ್ನು ನೋಡಿದರು. ಮೂರು ತಿಂಗಳ ನನ್ನ ಬಗ್ಗುವಿಕೆ, ಕಂಬ, ಸುಣ್ಣ, ಎಲ್ಲ ನೀರಲ್ಲಿ ಹೋಮವಾಯಿತಲ್ಲ ಎಂದು ನನಗೆ ತಡೆಯಲಾಗಲಿಲ್ಲ.

"ರೀ! ಮೊದ್ಲು ಸೊಪ್ಪು! ಸೊಪ್ಪು ಹಾಕಿಸ್ಕೊಳ್ಳಿ!" ಎಂದು ಗೋಡೆಯ ಮೇಲಿಂದ ಕಿರುಚಿದೆ.

"ಯಾರದು? ಹೆಂಗಸರು ಹೇಳಿಕೊಡೋ ಹಾಗಿಲ್ಲ!" ಸಾಹೇಬರು ಕೋಲೆತ್ತಿದರು.

ಇವರು ನನ್ನ ಕಡೆ ನೋಡಿದರು. ಯಾಕೋ ಒಂದು ಗಳಿಗೆ ಹಾಗೇ ನೋಡುತ್ತ ನಿಂತರು. ಆಮೇಲೆ ಕೂತು ಬಡಿಸುವವನಿಗೆ ಸೊಪ್ಪು ಅಂದರು. ಮತ್ತೆ ಸೊಪ್ಪು ಅಂದರು. ಮೂರನೆಯ ಸಲ ಬಡಿಸುವವನು ಪಾತ್ರೆಯನ್ನೇ ತಂದು ಪಕ್ಕದಲ್ಲಿಟ್ಟು ಹೋದ. ಸೊಪ್ಪು, ಅದರೊಳಗಿನ ಕಾಳು, ಎಲ್ಲ ಹೆಕ್ಕಿ ತಿಂದು ಮುಗಿಸಿ ಆಮೇಲೆ ಮುದ್ದೆಗೆ ಕೈ ಹಾಕಿದರು. ಉಳಿದವರು ಕೈ ತೊಳೆದಾಗ ಇವರದು ಮೊದಲ ಮುದ್ದೆಯ ಅರ್ಧವೂ ಆಗಿರಲಿಲ್ಲ.

"ಏನಾಗ್ತಿದೆಯೇ ಅಲ್ಲಿ?" ಪಕ್ಕದಲ್ಲಿ ಸಾಕಮ್ಮ ತುದಿಗಾಲಲ್ಲಿ ನಿಂತು ಕತ್ತು ಉದ್ದ ಮಾಡುತ್ತಿದ್ದಳು. "ನನಗೆ ಬರೀ ಗೋಡೆ ಕಾಣ್ತದೆ. ನಿನಗೆ ಹೆಂಗೆ ಕಾಣ್ತದೆ?"

"ನೀನು ಕುಳ್ಳಿ" ಅಂದೆ. ಸಾಕಮ್ಮ ನನಗಿಂತ ನಾಲ್ಕು ಬೆರಳು ಉದ್ದ. ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಒಳಗೆ ಗಲಾಟೆ ಶುರುವಾಯಿತು.

ಊಟ ಮುಗಿಸಿದವರು ಒಂದು ಗಂಟೆ ಬೆಂಚಿನ ಮೇಲೆ ಕೂತಿರಬೇಕು ಎಂದು ಸಾಹೇಬರು. ಆಗುವುದಿಲ್ಲ ಎಂದು ಇವರು.

"ಸ್ವಾಮಿ, ಗಾಡಿ ಮುಟ್ಟೋಕೆ ಮುಂಚೆ ಗಾಡಿ ತಪಾಸಣೆ ಮಾಡ್ಬೇಕು ಅಂತ ನಿಮ್ಮದೇ ಕಾನೂನು. ಅಳತೆ ಆದ ತಕ್ಷಣ ನಾನು ಟ್ರಿಪ್ಪು ಹೊರಡೋನು. ಈಗಲೇ ನೋಡ್ಕೊಂಡುಬಿಡ್ತೀನಿ" ಅಂದರು.

ಸಾಹೇಬರು ಪುಸ್ತಕ ತೆಗೆದು ನೋಡಿದರು. ಕಾನೂನು ಹಾಗೇ ಇತ್ತು, ಎಷ್ಟು ಸಲ ತಪಾಸಣೆ ಎಂದು ಮಾತ್ರ ಬರೆದಿರಲಿಲ್ಲ. ಇವರು ಶುರು ಮಾಡಿದರು ನೋಡಿ. ಆರು ಟೈರನ್ನೂ ಒದ್ದು ನೋಡಿದರು. ಮತ್ತೆ ಮೊದಲನೆಯದು ಸಂಶಯ ಎಂದು ಅದರಿಂದ ಶುರು ಮಾಡಿದರು. ಏಣಿ ಹತ್ತಿ ಮೇಲಿನ ಹಗ್ಗ ಬಿಚ್ಚಿದರು, ಇಳಿದರು, ಹತ್ತಿ ಕಟ್ಟಿದರು. ರೇಡಿಯೇಟರಿಗೆ ಬಾವಿಯಿಂದ ನೀರು ತಂದರು, ಅದೂ ಬಿಂದಿಗೆಯಲ್ಲಲ್ಲ, ಚೊಂಬಿನಲ್ಲಿ. ನಾನು ಗೋಡೆಯ ಈಚೆಯಿಂದ ಸುತ್ತುಗಳನ್ನು ಎಣಿಸಿದೆ. ಹುಣಸೆಮರಕ್ಕೆ ನಲವತ್ತಾದರೆ ಗೌರಿಗೆ ಅವತ್ತು ಐವತ್ಮೂರು ಪ್ರದಕ್ಷಿಣೆ ಸಂದಿತು. ಸಾಹೇಬರು ಗಡಿಯಾರ ನೋಡುತ್ತ, ತಲೆ ಆಡಿಸುತ್ತ, ಕೊನೆಗೆ ತಾವೇ ಸುಸ್ತಾಗಿ ಬೆಂಚಿನ ಮೇಲೆ ಕೂತರು.

ಗಂಟೆ ಹೊಡೆಯಿತು. ಮೊದಲನೆಯವನು ಬೂಟಿನೊಳಗೆ ಕಬ್ಬಿಣದ ತಗಡು ಇಟ್ಟುಕೊಂಡು ಬಂದಿದ್ದ. ಬೂಟು ಕಳಚಿಸಿದ ಕೂಡಲೇ ಮೊಳ ಏರಿದ, ಅವನನ್ನು ಕಿಟಕಿಯ ಸರಳಿಗೆ ಕಟ್ಟಿದರು. ನಡುವಿನ ಇಬ್ಬರು ಸಲೀಸಾಗಿ ಪಾಸಾದರು, ಮುದ್ದೆ ಅವರಿಗೆ ಆಗಿಬರುತ್ತಿತ್ತು. ಕೊನೆಗೆ ಇವರು. ಸಾಹೇಬರು ಮಂಡಿಯೂರಿ, ಪಟ್ಟಿ ತೂರಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ನಾನು ಎರಡೂ ಮುಚ್ಚಿದೆ.

"ಗೇಣಿಗೆ ಒಂದು ಬೆರಳು ಕಮ್ಮಿ" ಅಂದರು ಸಾಹೇಬರು. "ಪಾಸು."

ನಾನು ಸಾಕಮ್ಮನನ್ನು ತಬ್ಬಿಕೊಂಡೆ. ಅವಳು "ನನ್ನ ಬಣವೆ" ಎಂದು ಗೊಣಗಿದರೂ ಕಣ್ಣು ಒರೆಸಿಕೊಂಡಳು. ಎಲ್ಲರೂ ಇವರು ಗೌರಿಯನ್ನು ಹತ್ತಿ ಹಾರನ್ನು ಹೊಡೆಯುತ್ತಾರೆ ಎಂದು ಕಾದೆವು. ಇವರು ಹತ್ತಲಿಲ್ಲ. ಎರಡು ಗಂಟೆಯ ಟ್ರಿಪ್ಪನ್ನು ಇನ್ನೊಬ್ಬನಿಗೆ ಒಪ್ಪಿಸಿ, ಗೇಟಿನಿಂದ ಆಚೆ ಬಂದು, ಸೀದಾ ನನ್ನ ಹತ್ತಿರ ಬಂದು, ಜನರೆದುರೇ ನನ್ನ ಮಣಿಕಟ್ಟು ಹಿಡಿದುಕೊಂಡರು. ಮನೆಯವರೆಗೂ ಬಿಡಲಿಲ್ಲ. ಮದುವೆಯಾದ ಮೇಲೆ ಬೀದಿಯಲ್ಲಿ ನನ್ನ ಕೈ ಹಿಡಿದದ್ದು ಅದೇ ಮೊದಲು. ಪಾಸಾದ ಖುಷಿ ಎಂದು ನಾನು ನಾಚಿಕೊಂಡು ನಡೆದೆ.

ಮನೆಗೆ ಬಂದು, "ನಿಂತ್ಕೊಳ್ಳಿ, ನಾನೂ ಒಂದು ಸಲ ಅಳೀತೀನಿ, ಆ ಸಾಹೇಬನ ಕಣ್ಣು ನೆಟ್ಟಗಿಲ್ಲ" ಎಂದೆ.

"ನೀನು ನಿಂತ್ಕೋ" ಅಂದರು ಇವರು.

"ನಾನ್ಯಾಕೆ?"

"ಶೆಡ್ಡಿನ ಗೋಡೆ ನನ್ನ ಗದ್ದಕ್ಕೆ ಬರ್ತದೆ ಚೆನ್ನಾಜಿ. ಇಪ್ಪತ್ತಾರು ವರ್ಷದಿಂದ ಅದರ ಪಕ್ಕ ಗಾಡಿ ನಿಲ್ಲಿಸ್ತಿದೀನಿ. ನೀನು ನನ್ನ ಭುಜಕ್ಕೆ ಬರ್ತೀಯ. ಇವತ್ತು ನೀನು ಕೂಗಿದಾಗ ಗೋಡೆ ಮೇಲೆ ನಿನ್ನ ಮೂಗುಬೊಟ್ಟು ಕಾಣ್ತಿತ್ತು."

"ಕಲ್ಲಿನ ಮೇಲೆ ನಿಂತಿದ್ದೆ" ಅಂದೆ. ಕಲ್ಲು ಇರಲಿಲ್ಲ ಎಂದು ಹೇಳುತ್ತಿರುವಾಗಲೇ ನೆನಪಾಯಿತು. ಭರಣಿ ನೆನಪಾಯಿತು. ಸೀರೆಯ ಅಂಚು, ಸಾಕಮ್ಮ ಹೇಳಿದ ಬೆಕ್ಕು, ಎಲ್ಲ ಒಟ್ಟಿಗೆ ನೆನಪಾದವು.

"ಎರಡು ತಿಂಗಳಿಂದ ಬೆಳಗ್ಗೆ ನಿನ್ನ ಕಾಲುಂಗುರ ಕೇಳಿಸ್ತಿಲ್ಲ. ನನ್ನ ಕಿವಿ ಹೋಯ್ತು ಅಂದ್ಕೊಂಡಿದ್ದೆ. ನೀನೂ ಹಂಗೇ ಅಂತಿದ್ದೆ. ಕಿವಿ ನೆಟ್ಟಗಿದೆ" ಅಂದರು.

ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಇವರಿಗೆ ಮಂಡಿ ನೋವು, ಬಗ್ಗಲು ಬಾರದು. ಒಂದು ಕೈ ಕಂಬಕ್ಕೆ, ಒಂದು ಕೈ ನೆಲಕ್ಕೆ ಕೊಟ್ಟು, ಅಯ್ಯಪ್ಪಾ ಅನ್ನುತ್ತ ಇಳಿದರು. ನನ್ನ ನೆರಿಗೆಯನ್ನು ಸ್ವಲ್ಪ ಸರಿಸಿದರು. "ಬಿಡ್ರೀ, ಯಾರಾದ್ರೂ ನೋಡಿದ್ರೆ ಏನಂದ್ಕೊಂಡಾರು, ಹೆಂಡ್ತಿ ಕಾಲಿಗೆ ಬಿದ್ದಿದಾನೆ ಅಂತಾರೆ" ಎಂದೆ. ಇವರು ಕೈ ಚಾಚಿ, ಹೆಬ್ಬೆರಳು ನೆಲಕ್ಕಿಟ್ಟು, ಕಿರುಬೆರಳಿನಿಂದ ನನ್ನ ಅಂಗಾಲು ಮುಟ್ಟಲು ನೋಡಿದರು. ಮುಟ್ಟಲಿಲ್ಲ. ಗೇಣಿನ ಮೇಲೆ ಇನ್ನೊಂದು ಕೈಯ ಬೆರಳು ಅಡ್ಡ ಇಟ್ಟರು. ಇನ್ನೊಂದು ಇಟ್ಟರು. ಆಗ ತಾಗಿತು.

"ಒಂದು ಗೇಣು, ಎರಡು ಬೆರಳು" ಅಂದರು. ಬೆರಳು ತೆಗೆಯಲಿಲ್ಲ. "ಗೌರಿ ಟೈರಿಗೆ ದಿನಾ ಗಾಳಿ ನೋಡ್ತಿದ್ದೆ ಕಣೆ. ನಿನ್ನ ಕಾಲು ನೋಡ್ಲಿಲ್ಲ."

ನಾನು ಅತ್ತುಬಿಟ್ಟೆ. ಹೆದರಿಕೆಗೆ ಅತ್ತೆನೋ, ಬೇರೆ ಯಾವುದಕ್ಕೋ, ಈಗಲೂ ಸರಿಯಾಗಿ ಹೇಳಲಾರೆ. ಇಷ್ಟು ಮಾತ್ರ ಗೊತ್ತು. ಮಗಳು ಹೊಟ್ಟೆಯಲ್ಲಿದ್ದಾಗ ನಮ್ಮತ್ತೆ ನೋಡಿದ್ದು ಬಿಟ್ಟರೆ, ಅಲ್ಲಿಂದ ಈಚೆಗೆ ನನ್ನ ಕಾಲಿಗೂ ನೆಲಕ್ಕೂ ನಡುವೆ ಎಷ್ಟು ಜಾಗವಿದೆ ಎಂದು ಕೇಳಿದವರು ಯಾರೂ ಇರಲಿಲ್ಲ.

ಇವರು ಕಂಬ ಹಿಡಿದು ಎದ್ದರು. ಕಂಬದ ಇನ್ನೊಂದು ಬದಿ ಖಾಲಿ ಇತ್ತು. ಸುಣ್ಣದ ಗಡಿಗೆಗೆ ಬೆರಳದ್ದಿ ಅಲ್ಲಿ ಒಂದು ಗೆರೆ ಎಳೆದರು, ಡೊಂಕು ಗೆರೆ. "ಏನ್ ತಿಂದೆ ಬೆಳಗ್ಗೆ?" ಎಂದು ಕೇಳಿದರು. "ಏನೂ ಇಲ್ಲ" ಎಂದೆ. "ನಿಂತು ತಿಂದದ್ದು?" ಎಂದರು. ಉದ್ದದ ಪಟ್ಟಿಯಾಯಿತು.

ಮಾರನೆಯ ದಿನ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ನನ್ನನ್ನು ನೋಡಿ "ಗುಂಡುಕಲ್ಲು ಬಂದ್ರಾ, ಬನ್ನಿ" ಅಂದರು. ಮಾತ್ರೆ ಬರೆದರು, ಹಳದಿ ಚೀಟಿ ಕೊಡಲಿಲ್ಲ. ಅವತ್ತಿನಿಂದ ಅಡುಗೆ ಮನೆಯಲ್ಲಿ ನಾನು ನಿಂತು ತಿಂದರೆ ಇವರು ಹಾರನ್ನು ಹೊಡೆದ ಹಾಗೆ ಕೆಮ್ಮುತ್ತಾರೆ. ಇವರಿಗಾಗಿ ಕಲಿತದ್ದೊಂದೂ ನನಗೆ ಉಪಯೋಗಕ್ಕೆ ಬರಲಿಲ್ಲ. ಇವರನ್ನು ನೆಲಕ್ಕಿಳಿಸುವ ಅನ್ನ ನನ್ನನ್ನು ಎತ್ತುತ್ತದೆ, ಇವರನ್ನು ಎತ್ತುವ ಮುದ್ದೆ ನನಗೆ ಅಮೃತ. ಬಾಳೆಹಣ್ಣನ್ನಂತೂ ನಾನು ದೂರದಿಂದ ನೋಡಿ ಕೈಮುಗಿಯಬೇಕು. ಒಂದೇ ತಟ್ಟೆಯಲ್ಲಿ ಉಣ್ಣುವ ಗಂಡಹೆಂಡಿರು ಅನ್ನುತ್ತಾರಲ್ಲ, ನಮ್ಮದು ಎರಡು ಪಾತ್ರೆ, ಎರಡು ತಟ್ಟೆ. ಸಂಜೆ ಹುಣಸೆಮರ ಒಂದೇ.

ಕಂಬದ ನನ್ನ ಬದಿ ಇನ್ನೂ ಅರ್ಧ ತುಂಬಿಲ್ಲ. ಗೆರೆಗಳು ಒಂದೊಂದೇ ಬೆರಳು ಕೆಳಗಿಳಿದವು. ಮೊನ್ನೆ ಬೆಳಗ್ಗೆ ಎಂದಿನಂತೆ ಎದ್ದು, ಕಣ್ಣುಜ್ಜಿಕೊಂಡು, ಒಲೆಯ ಕಡೆ ನಾಲ್ಕು ಹೆಜ್ಜೆ ಇಟ್ಟಿರಬೇಕು. ಭರಣಿಗೆ ಕೈ ಚಾಚಿದೆ, ಎಟುಕಲಿಲ್ಲ. ಮಣೆ ತರಲು ತಿರುಗಿದೆ.

ಒಳಗೆ ಕತ್ತಲಲ್ಲಿ, ಹಾಸಿಗೆಯಿಂದ ಇವರ ದನಿ ಬಂತು.

"ಕೇಳಿಸ್ತು."